'ಸಹಾಯಾರ್ಥ' ಎಂಬ ಪದದ ಲೆಕ್ಕ

ಮುಂಬಯಿಯಲ್ಲಿ ಮಳೆ ಶುರುವಾದರೆ ಸಾಕು, ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಮಂತ್ರಣ ಪತ್ರಿಕೆಗಳೂ ಸುರಿಯತೊಡಗುತ್ತವೆ. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರ ತಂಡಗಳು ಇತ್ತ ಬರುತ್ತವೆ. ಅವುಗಳ ಜೊತೆಗೆ ತುಳು ನಾಟಕ, ತಾಳಮದ್ದಳೆ, ಭಜನೆ, ಆಟಿಯ ಊಟ. ಹೆಚ್ಚಿನ ಪತ್ರಿಕೆಗಳಲ್ಲಿ ಒಂದು ಪದ ಇದ್ದೇ ಇರುತ್ತದೆ: ಸಹಾಯಾರ್ಥ. ವಿದ್ಯಾರ್ಥಿ ನಿಧಿಯ ಸಹಾಯಾರ್ಥ, ಕಟ್ಟಡ ನಿಧಿಯ ಸಹಾಯಾರ್ಥ, ವೈದ್ಯಕೀಯ ನೆರವಿನ ಸಹಾಯಾರ್ಥ. ಈ ಊರಿನ ಕನ್ನಡ ಸಂಘಗಳು ನಿಂತಿರುವುದೇ ಈ ಪದದ ಮೇಲೆ.

ಇದು ಇಂದು ನಿನ್ನೆಯ ರೂಢಿಯಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಕರ್ನಾಟಕ ಸಂಘ 1933ರದ್ದು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಪಾಸು ಮಾಡಿದ್ದು ಇಂಥ ಸಂಘಗಳು ಕೂಡಿಸಿದ ದುಡ್ಡಿನಿಂದ. ಬಿಲ್ಲವರ ಅಸೋಸಿಯೇಷನ್ ಮುಂದೆ ನಿಂತು ಕಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ 1978ರಲ್ಲಿ ಬಾಗಿಲು ತೆರೆಯಿತು. ಇದ್ಯಾವುದನ್ನೂ ಸರ್ಕಾರ ಕೇಳಿ ಮಾಡಿಸಿದ್ದಲ್ಲ. ದುಡಿದು ಬಂದವರು ಸಂಜೆ ಮತ್ತು ಭಾನುವಾರ ಕೊಟ್ಟು ಮಾಡಿದ ಕೆಲಸ.

ನಾನೂ ಕೆಲವು ವರ್ಷಗಳಿಂದ ಉಪನಗರದ ಒಂದು ಚಿಕ್ಕ ಸಂಘದಲ್ಲಿ ಲೆಕ್ಕಪತ್ರಕ್ಕೆ ಕೈಜೋಡಿಸುತ್ತಿದ್ದೇನೆ. ವಾರವಿಡೀ ಲ್ಯಾಪ್‌ಟಾಪ್, ಶನಿವಾರ ಸಂಜೆ ರಸೀದಿ ಪುಸ್ತಕ. ಟಿಕೆಟಿನಿಂದ ಹೆಚ್ಚು ಹುಟ್ಟುವುದಿಲ್ಲ ಎಂಬುದು ಅಲ್ಲಿ ಕುಳಿತವರಿಗೆಲ್ಲ ಗೊತ್ತು. ದುಡ್ಡು ಬರುವುದು ಸ್ಮರಣ ಸಂಚಿಕೆಯ ಜಾಹೀರಾತಿನಿಂದ. ಹಿಂಬದಿಯ ರಕ್ಷಾಪುಟಕ್ಕೆ ಒಂದು ದರ, ಒಳಪುಟಕ್ಕೆ ಒಂದು, ಅರ್ಧ ಪುಟಕ್ಕೆ ಇನ್ನೊಂದು. ಹೋಟೆಲಿನವರು, ಕ್ಯಾಟರಿಂಗಿನವರು, ಬಿಲ್ಡರುಗಳು, ಲೆಕ್ಕ ಪರಿಶೋಧಕರು ಕೊಡುತ್ತಾರೆ. "ಕಳೆದ ವರ್ಷ ಫುಲ್ ಪೇಜ್ ಕೊಟ್ಟಿದ್ದೆ, ಈ ಸಲ ಅರ್ಧ ಹಾಕಿ ಮಾರಾಯ್ರೆ" ಎಂದು ಒಬ್ಬರು ಹೇಳಿದರೆ, ಇಬ್ಬರು ಮಕ್ಕಳ ಫೀಸು ಕೈತಪ್ಪಿತು ಎಂದೇ ಅರ್ಥ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಕಾರ್ಯಕ್ರಮದಿಂದ 6 ಲಕ್ಷ ಕೂಡಿತು ಎಂದಿಟ್ಟುಕೊಳ್ಳಿ. ಸಭಾಗೃಹದ ಬಾಡಿಗೆ, ತಂಡದ ಪ್ರಯಾಣ, ವಸತಿ, ಸಂಭಾವನೆ, ಮೈಕು, ಊಟ, ಶಾಲು, ಹಾರ, ಮುದ್ರಣ ಎಲ್ಲ ಸೇರಿ 3 ಲಕ್ಷ 80 ಸಾವಿರ ಹೋದರೆ ಉಳಿಯುವುದು 2 ಲಕ್ಷ 20 ಸಾವಿರ. ತಲೆಗೆ 5,500ರಂತೆ ಹಂಚಿದರೆ 40 ಮಕ್ಕಳಿಗೆ ಸಾಕು. ಶಾಲು, ಹಾರ, ಸ್ಮರಣಿಕೆಗಳಲ್ಲಿ 55 ಸಾವಿರ ಉಳಿಸಿದರೆ ಇನ್ನೂ 10 ಮಕ್ಕಳು ಸೇರುತ್ತಾರೆ. ವೇದಿಕೆಯ ಮೇಲೆ ಇಪ್ಪತ್ತು ಜನ ಗಣ್ಯರನ್ನು ಕೂರಿಸುವ ಮುನ್ನ ಈ ಗುಣಾಕಾರ ನೆನಪಾಗಬೇಕು. ಹಾಗೆಂದು ಸನ್ಮಾನವೇ ಬೇಡ ಎನ್ನಲಾಗದು. ವೇದಿಕೆಯಲ್ಲಿ ಹೆಸರು ಕರೆದರೆಂಬ ಸಂತೋಷಕ್ಕೆ ಮುಂದಿನ ವರ್ಷವೂ ಚೆಕ್ ಬರೆಯುವವರಿದ್ದಾರೆ. ಎಷ್ಟು ಎಂಬುದಷ್ಟೇ ಪ್ರಶ್ನೆ.

ದುಡ್ಡಿಗಿಂತ ಕೈಗಳೇ ದೊಡ್ಡವು ಎಂಬುದಕ್ಕೆ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲ ಒಳ್ಳೆಯ ಸಾಕ್ಷಿ. ಕರಾವಳಿಯ ನಂಟುಳ್ಳ ಈ ಗಣೇಶೋತ್ಸವ 1955ರಲ್ಲಿ ಆರಂಭವಾದದ್ದು. 2025ರಲ್ಲಿ ಅದರ ವಿಮೆ 474.46 ಕೋಟಿ ಎಂದು ಪತ್ರಿಕೆಗಳು ಬರೆದಾಗ ಎಲ್ಲರ ಕಣ್ಣು ಗಣಪತಿಯ ಬಂಗಾರದ ಮೇಲೆ ಹೋಯಿತು. ಆದರೆ ಬಂಗಾರ, ಬೆಳ್ಳಿಯ ಪಾಲು 67.03 ಕೋಟಿ ಮಾತ್ರ. 375 ಕೋಟಿ ಇದ್ದದ್ದು ಸ್ವಯಂಸೇವಕರು, ಅರ್ಚಕರು, ಅಡುಗೆಯವರು, ಚಪ್ಪಲಿ ಕಾಯುವವರು, ಕಾವಲಿನವರಂಥ ಮನುಷ್ಯರ ಅಪಘಾತ ವಿಮೆಗೆ. ಚಿಕ್ಕ ಸಂಘಗಳು ಅಷ್ಟು ಮೊತ್ತಕ್ಕೆ ಹೋಗಬೇಕಿಲ್ಲ. ಆದರೆ ಏಣಿ ಹತ್ತಿ ಬ್ಯಾನರ್ ಕಟ್ಟುವ ಹುಡುಗನಿಗೆ, ಕುದಿಯುವ ಸಾರಿನ ಪಾತ್ರೆ ಎತ್ತುವ ಅಣ್ಣನಿಗೆ ಒಂದು ದಿನದ ಗುಂಪು ವಿಮೆಯನ್ನಾದರೂ ಮಾಡಿಸಬಹುದಲ್ಲ?

ಈಗ ದಾನದ ದಾರಿಯೂ ಬದಲಾಗುತ್ತಿದೆ. 80ಜಿ ವಿನಾಯಿತಿ ಬೇಕಿದ್ದರೆ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡುವಂತಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರರಿಗೆ ಆ ವಿನಾಯಿತಿಯೇ ಇಲ್ಲ. ಹಾಗಾಗಿ ಮಾರ್ಚ್ ತಿಂಗಳಲ್ಲಿ ರಸೀದಿ ಕೇಳಿಕೊಂಡು ಬರುವ ನನ್ನಂಥ ಐಟಿಯವರು ಕಡಿಮೆಯಾಗುತ್ತಾರೆ. ಇನ್ನೊಂದೆಡೆ ಕಂಪನಿಗಳ ಸಿಎಸ್‌ಆರ್ ಹಣ ಇದೆ. ಅದನ್ನು ಪಡೆಯಲು ಟ್ರಸ್ಟ್‌ಗೆ 12ಎ, 80ಜಿ ನೋಂದಣಿ, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಫಾರಂ ತುಂಬುವುದೂ ಕಡ್ಡಾಯ. ಕೆಲಸದ ಇತಿಹಾಸ ನಮ್ಮ ಹಳೆಯ ಸಂಘಗಳಿಗೆ ಬೇಕಾದಷ್ಟಿದೆ. ಫಾರಂ ತುಂಬಿ, ಪ್ರಾಜೆಕ್ಟ್ ವರದಿ ಬರೆದು, ಖರ್ಚಿನ ಲೆಕ್ಕ ಒಪ್ಪಿಸುವವರು ಬೇಕು.

ನಮ್ಮ ತಲೆಮಾರಿನ ಪಾಲು ಇರುವುದು ಇಲ್ಲಿಯೇ. ಸಂಘದ ಕಚೇರಿಯಲ್ಲಿ ಕುರ್ಚಿ ಜೋಡಿಸುವವರ ಸರಾಸರಿ ವಯಸ್ಸು ಅರವತ್ತರ ಹತ್ತಿರ ಬಂದಿದೆ. "ತಮ್ಮಾ, ನೀನಾದರೂ ಬಾ" ಎಂದು ಕರೆಯುವ ಹಿರಿಯರಿಗೆ ಲೋಕಲ್ ಟ್ರೈನಿನ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿದೆ. ನಮ್ಮಲ್ಲಿ ಅನೇಕರಿಗೆ ಕನ್ನಡ ಓದಲು ಬರುತ್ತದೆ, ಎಕ್ಸೆಲ್ ಗೊತ್ತಿದೆ, ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿ ಪರಿಚಯದವರಿದ್ದಾರೆ. ಭಾಷಣ ಮಾಡಬೇಕಾಗಿಲ್ಲ. ತಿಂಗಳಿಗೆ ಎರಡು ಸಂಜೆ ಕೊಟ್ಟು ಲೆಕ್ಕ ಒಪ್ಪವಾಗಿಟ್ಟರೆ ಸಾಕು.

ಒಂದು ಸಲಹೆ: ಕಾರ್ಯಕ್ರಮ ಮುಗಿದ ತಿಂಗಳೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು, ಎಷ್ಟು ಮಕ್ಕಳಿಗೆ ತಲುಪಿತು ಎಂಬ ಮೂರು ಸಾಲನ್ನು, ಮಕ್ಕಳ ಹೆಸರು ಹಾಕದೆ, ಅದೇ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿ. ನಮ್ಮ ಸಂಘದಲ್ಲಿ ಹಾಗೆ ಶುರುಮಾಡಿದ ವರ್ಷ, ಅರ್ಧ ಪುಟಕ್ಕೆ ಇಳಿದಿದ್ದ ಹೋಟೆಲಿನವರೊಬ್ಬರು ತಾವೇ ಫೋನು ಮಾಡಿ ಕೇಳಿದರು: "ಒಂದು ಮಗುವಿಗೆ ಎಷ್ಟಂತ ಹೇಳಿದ್ರಿ? ಹತ್ತು ಮಕ್ಕಳದ್ದು ನನ್ನ ಲೆಕ್ಕಕ್ಕೆ ಹಾಕಿ. ಜಾಹೀರಾತು ಬೇಡ."