ಕಥಕ್ ಕಲಿತ ಚಿತ್ರಕಾರ

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು ಕೆ.ಕೆ. ಹೆಬ್ಬಾರ್. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ಆದರೆ ಅವರ ಬಗ್ಗೆ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ.

ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಪ್ಯಾರಿಸ್‌ನಲ್ಲೂ ಕಲಿತ ಇವರು, ಲಯ ಅಂದರೇನು ಅಂತ ತಿಳಿಯೋಕೆ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು! ಅವರ ನೃತ್ಯದ ರೇಖಾಚಿತ್ರ ಹುಡುಕಿ ನೋಡಿ. ಕೆಲವೇ ಗೆರೆ, ಅಷ್ಟೇ. ಮೈ ಕುಣಿಯುತ್ತೆ.

ಈಗಷ್ಟೇ ಚಿತ್ರ ಬರೆಯೋಕೆ ಶುರು ಮಾಡಿದ್ದೀರಾ? ಹೆಬ್ಬಾರರ ಹಾಗೆ ನೀವೂ ಮೊದಲು ಲಯ ಹಿಡಿಯಿರಿ. ದುಬಾರಿ ಬಣ್ಣ, ಕ್ಯಾನ್ವಾಸ್ ಆಮೇಲೆ ಕೊಳ್ಳಿ. ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ಹಿಡಿದು ಮಾರ್ಕೆಟ್ಟಿಗೆ ಹೋಗಿ. ಹೂ ಕಟ್ಟೋ ಅಮ್ಮನ ಕೈ ನೋಡಿ. ದಾರ ಸುತ್ತುವಾಗ ಮಣಿಕಟ್ಟು ಎತ್ತ ತಿರುಗುತ್ತೆ? ಬೆರಳು ಎಲ್ಲಿ ಬಿಗಿಯಾಗುತ್ತೆ? ಅದನ್ನ ಅರ್ಧ ನಿಮಿಷದಲ್ಲಿ, ರಬ್ಬರ್ ಮುಟ್ಟದೆ ಬರೀರಿ. ತಪ್ಪಾಗುತ್ತೆ, ಆಗಲಿ. ಅಳಿಸಬೇಡಿ, ಪಕ್ಕದಲ್ಲೇ ಇನ್ನೊಂದು ಬರೀರಿ. ಎಲ್ಲಿ ತಪ್ಪಿತು ಅಂತ ಆ ಮೊದಲ ಗೆರೆಯೇ ತೋರಿಸುತ್ತೆ. ಕೈಯೊಂದನ್ನೇ ಅಲ್ಲ, ಮೊಣಕೈ, ಹೆಗಲು ಆಡಿಸಿ ಬರೀರಿ, ಗೆರೆಗೆ ಓಟ ಬರುತ್ತೆ. ಹಾಂ, ಪುಟದ ಮೂಲೆಯಲ್ಲಿ ತಾರೀಕು ಹಾಕೋದು ಮಾತ್ರ ಮರೀಬೇಡಿ.