ತಮ್ಮನಿಗೆ ಪಾಲು ಬಿಡಲು ಛಾಪಾ ಕಾಗದ ಸಾಕೇ?

ಪ್ರಶ್ನೆ: ತೀರಿಕೊಂಡ ಅಪ್ಪನ ಹೊಲದಲ್ಲಿ ನನ್ನ ಪಾಲನ್ನು ತಮ್ಮನಿಗೇ ಬಿಡಬೇಕೆಂದಿದ್ದೇನೆ. ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಆಯಿತೇ?

ಉತ್ತರ: ಸಾಲದು ತಾಯಿ. 100 ರೂಪಾಯಿ ಮತ್ತು ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ, 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಅದರಲ್ಲಿ ಸ್ಪಷ್ಟವಾಗಿರಲಿ; ಆಮೇಲೆ ಪಹಣಿಯಲ್ಲೂ ಹೆಸರು ಬದಲಾಗಬೇಕು. ತಮ್ಮ ಸಹಪಾಲುದಾರ, ಹಾಗಾಗಿ ಹಕ್ಕು ಬಿಡುಗಡೆ ಪತ್ರ ನಡೆಯುತ್ತದೆ. ಪಾಲಿಲ್ಲದ ಅವನ ಮಗನ ಹೆಸರಿಗಾದರೆ ದಾನಪತ್ರವೇ ಬೇಕು.

ನನಗೆ ಆತಂಕವಿರುವುದು ಬೇರೆ ಕಡೆ. ಒಮ್ಮೆ ಬರೆದುಕೊಟ್ಟರೆ, ಮೋಸವೋ ಬಲವಂತವೋ ನಡೆದಿದೆಯೆಂದು ಕೋರ್ಟಿನಲ್ಲಿ ತೋರಿಸದ ಹೊರತು ಹಿಂದೆ ಪಡೆಯುವುದು ಬಹಳ ಕಷ್ಟ. "ಮದುವೆಗೆ ಖರ್ಚು ಮಾಡಿದೆವಲ್ಲ" ಎಂಬ ಮಾತಿಗೆ ಕರಗಿ ಸಹಿ ಹಾಕಬೇಡಿ. ಮದುವೆಯ ಖರ್ಚಿಗೆ ಪಾಲು ವಜಾ ಆಗುವುದಿಲ್ಲ. ನಿಜವಾಗಿ ಮನಸ್ಸಿದ್ದರೆ ಮಾತ್ರ, ಪತ್ರವನ್ನು ಪೂರ್ತಿ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ.