ಕಿವಿಯ ಆರೈಕೆಗೆ ಸರ್ಕಾರದ ನೆರವು: ಯಾವ ಬಾಗಿಲು ತಟ್ಟಬೇಕು?

ಪ್ರವಚನದ ಸಭೆಯಲ್ಲಿ ಹಿಂದೆ ಕುಳಿತು ಕೇಳುತ್ತಿದ್ದ ಹಿರಿಯರು ವರ್ಷ ಕಳೆದಂತೆ ಮುಂದಿನ ಸಾಲಿಗೆ ಬರುತ್ತಾರೆ. ಬಳಿಕ ಬರುವುದನ್ನೇ ಬಿಡುತ್ತಾರೆ. ಕೇಳಿದರೆ ಮಂಡಿನೋವು ಎನ್ನುತ್ತಾರೆ. ನಿಜವಾದ ಕಾರಣ ಅನೇಕ ವೇಳೆ ಕಿವಿಯೇ ಆಗಿರುತ್ತದೆ.

ಇಂಥ ಹಿರಿಯರ ಮನೆಯವರು ಆಯುಷ್ಮಾನ್ ಕಾರ್ಡನ್ನು ಹಿಡಿದು, ಅದನ್ನು ಒಪ್ಪುವ ಶ್ರವಣತಜ್ಞರನ್ನು ಹುಡುಕುತ್ತ ಅಲೆಯುತ್ತಾರೆ. ಎಲ್ಲೆಡೆ ‘ಇಲ್ಲ’ ಎಂದಾಗ ಸಾಲ ಮಾಡಿ ಯಂತ್ರ ಕೊಳ್ಳುತ್ತಾರೆ, ಇಲ್ಲವೇ ಆಸೆಯನ್ನೇ ಕೈಬಿಡುತ್ತಾರೆ. ದೋಷವಿರುವುದು ಕಾರ್ಡಿನಲ್ಲಲ್ಲ, ನಾವು ಹಿಡಿದ ದಾರಿಯಲ್ಲಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಕಿವಿಗೆ ಶಸ್ತ್ರಚಿಕಿತ್ಸೆ ಬೇಕಾದಾಗ ಕಾರ್ಡು ನೆರವಾಗುತ್ತದೆ. ಖಾಸಗಿ ಕೇಂದ್ರದ ಶ್ರವಣಪರೀಕ್ಷೆಗೆ, ಅಂಗಡಿಯ ಶ್ರವಣಸಾಧನಕ್ಕೆ ಅದನ್ನು ನಂಬಿ ಹೋಗಬಾರದು.

ಆದ್ದರಿಂದ ಮೊದಲು ಜಿಲ್ಲಾಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗತಕ್ಕದ್ದು. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯನ್ನು ತೆಗೆದರೆ ಸಾಕು, ಕಿವಿ ತೆರೆಯುತ್ತದೆ. ಒಳಗಿವಿಯ ನರ ಸವೆದಿದ್ದರೆ ಶ್ರವಣತಜ್ಞರು, ಅಂದರೆ ಆಡಿಯಾಲಜಿಸ್ಟರು, ಎಷ್ಟು ಡೆಸಿಬಲ್ ನಷ್ಟವಾಗಿದೆ ಎಂಬುದನ್ನು ಅಳೆಯುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಪರೀಕ್ಷೆಯೂ ಸಲಹೆಯೂ ಅಲ್ಲಿ ದೊರೆಯುತ್ತವೆ. ಹೊರಗೆ ತೋರಿಸುವುದಾದರೆ, ಶ್ರವಣತಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಬೇಕು. ಯಂತ್ರ ಮಾರುವವರೆಲ್ಲರೂ ತಜ್ಞರಲ್ಲ.

ಶ್ರವಣಸಾಧನಕ್ಕೆ ಬೇರೆಯೇ ಬಾಗಿಲುಗಳಿವೆ. ಎರಡೂ ಕಿವಿಗಳಲ್ಲಿ 60 ಡೆಸಿಬಲ್ ಮತ್ತು ಅದಕ್ಕಿಂತ ಹೆಚ್ಚಿನ ನಷ್ಟವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಶ್ರವಣದೋಷವೆಂದು ಪರಿಗಣಿಸುತ್ತದೆ. ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ದೊರೆತವರು, ಆದಾಯದ ಮಿತಿಗೆ ಒಳಪಟ್ಟು, ಕೇಂದ್ರದ ಎ.ಡಿ.ಐ.ಪಿ. ಯೋಜನೆಯಲ್ಲಿ ಸಾಧನ ಪಡೆಯಬಹುದು. ಅಷ್ಟು ನಷ್ಟವಾಗದ ಹಿರಿಯರಿಗೂ ದಾರಿಯಿದೆ. 60 ವರ್ಷ ಮೀರಿದ, ಬಡತನ ರೇಖೆಗಿಂತ ಕೆಳಗಿನ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಶ್ರವಣಸಾಧನವನ್ನು ಉಚಿತವಾಗಿ ನೀಡಲಾಗುತ್ತದೆ. ಶಿಬಿರದ ವಿವರವನ್ನು ಜಿಲ್ಲೆಯ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ಇ.ಎಸ್.ಐ. ಸೌಲಭ್ಯವುಳ್ಳ ಕಾರ್ಮಿಕರು ಮೊದಲು ತಮ್ಮ ಇ.ಎಸ್.ಐ. ಆಸ್ಪತ್ರೆಯಲ್ಲೇ ಕೇಳಬೇಕು.

ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಭಾವಚಿತ್ರ, ಹಳೆಯ ಪರೀಕ್ಷಾ ವರದಿ ಇವುಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹೋದರೆ ಎರಡನೆಯ ಅಲೆದಾಟ ತಪ್ಪುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರಿರುತ್ತಾರೆ. ಕಾರ್ಡಿನ ಬಗೆಗಿನ ಸಂದೇಹವನ್ನು ಅವರಲ್ಲಿ ಕೇಳಬಹುದು. 14555 ಸಹಾಯವಾಣಿಯೂ ಇದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯಲೇಬಾರದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಆ ದಿನವೇ ವೈದ್ಯರನ್ನು ಕಾಣಬೇಕು. ದಿನಗಳು ಉರುಳಿದಂತೆ ಗುಣವಾಗುವ ಆಸೆ ಕುಗ್ಗುತ್ತದೆ. ಕೂಸು ಸದ್ದಿಗೆ ಬೆಚ್ಚದಿದ್ದರೆ ‘ಬೆಳೆಯುತ್ತ ಸರಿಯಾದೀತು’ ಎಂದು ಕೂರಬಾರದು. ಹುಟ್ಟಿದ ಒಂದು ತಿಂಗಳಲ್ಲಿ ತಪಾಸಣೆ, ಮೂರು ತಿಂಗಳಲ್ಲಿ ರೋಗನಿರ್ಣಯ, ಆರು ತಿಂಗಳಲ್ಲಿ ಚಿಕಿತ್ಸೆಯ ಆರಂಭ, ಇದು ತಜ್ಞರು ಒಪ್ಪಿದ ಕ್ರಮ. ಕೇಳದ ಕೂಸಿಗೆ ಮಾತು ಬರುವುದಾದರೂ ಹೇಗೆ?

ನಮ್ಮ ಮನೆಯ ಹಿರಿಯರು ಒಂದು ಮಾತನ್ನು ಎರಡು ಸಲ ಕೇಳಿದಾಗ ರೇಗುವುದನ್ನು ಬಿಟ್ಟು, ಅವರ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯೋಣ.